ವಂಡ್ಸೆಯಲ್ಲಿ ಎರಡು ದಿನ: ನೆಲ ಮರೆತ ಪಾದಗಳು

ಕುಂದಾಪುರದಿಂದ ಕೊಲ್ಲೂರಿಗೆ ಹೊರಟ ಬಸ್ಸು ಹೆದ್ದಾರಿ ಹಿಡಿದು ಉತ್ತರಕ್ಕೆ ಓಡಿ ಹೆಮ್ಮಾಡಿಯಲ್ಲಿ ಬಲಕ್ಕೆ ಹೊರಳಿತೆಂದರೆ ಕಡಲ ಗಾಳಿ ಬೆನ್ನಿಗೆ ಬೀಳುತ್ತದೆ, ಘಟ್ಟದ ಸಾಲು ಎದುರಿಗೆ ಏಳುತ್ತದೆ. ಮೂಕಾಂಬಿಕೆಯ ದರ್ಶನಕ್ಕೆ ಹೊರಟವರು ಈ ದಾರಿಯಲ್ಲಿ ಸಾಮಾನ್ಯವಾಗಿ ತೂಕಡಿಸುತ್ತಿರುತ್ತಾರೆ. ಆದರೆ ಜನವರಿಯಲ್ಲಿ ಬಂದವರು ಹೆಮ್ಮಾಡಿಯ ಹತ್ತಿರ ಒಮ್ಮೆಯಾದರೂ ಕಣ್ಣು ಬಿಡಬೇಕು. ಗದ್ದೆ ಗದ್ದೆಗಳಲ್ಲಿ ಹಳದಿ ಸೇವಂತಿಗೆ. ಹೆಮ್ಮಾಡಿ ಸೇವಂತಿಗೆ ಎಂದೇ ಅದಕ್ಕೆ ಹೆಸರು. ಮಕರ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಸರಿಯಾಗಿ ಅರಳುವ ಹೂವು ಅದು. ಆ ದೇವರಿಗೆಂದೇ ಅರಳುತ್ತದೆ ಎಂದು ಬೆಳೆಯುವವರ ನಂಬಿಕೆ.

ಕಟ್‌ಬೆಲ್ತೂರು ದಾಟಿ ಸ್ವಲ್ಪ ಮುಂದೆ ಹೋದರೆ ವಂಡ್ಸೆ. ಪೇಟೆ ಎಂದರೆ ಪೇಟೆ, ಹಳ್ಳಿ ಎಂದರೆ ಹಳ್ಳಿ. ಸುತ್ತಲ ಹತ್ತಾರು ಊರುಗಳಿಗೆ ಇದೇ ಹೋಬಳಿ ಕೇಂದ್ರ. ಬಸ್ಸು ಐದು ನಿಮಿಷ ನಿಂತರೆ ಹೆಚ್ಚು. ಪಕ್ಕದಲ್ಲಿ ಚಕ್ರಾ ನದಿ ಹರಿಯುತ್ತದೆ. ಇದು ಮುಂದೆ ಸೌಪರ್ಣಿಕಾ, ವಾರಾಹಿ ಮೊದಲಾದ ನದಿಗಳ ಜೊತೆ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಐದು ಹೊಳೆಗಳು ಕೂಡುವುದರಿಂದ ಅಲ್ಲಿ ಅದಕ್ಕೆ ಪಂಚಗಂಗಾವಳಿ ಎಂಬ ದೊಡ್ಡ ಹೆಸರು; ಇಲ್ಲಿ ಮಾತ್ರ ಅದು ನಮ್ಮ ಹೊಳೆ, ಅಷ್ಟೇ.

ನಾನು ಹೋದದ್ದು ಜಾತ್ರೆಗೆಂದು ಹೇಳಿಕೊಂಡರೂ ನಿಜವಾಗಿ ಹೋದದ್ದು ಅಕ್ಕನ ಮನೆಗೆ. ಎರಡು ವರ್ಷದ ಹಿಂದೆ ಆಕೆಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಬಾರಿ ಕಿಮೋಥೆರಪಿ ಆಯಿತು. ಕೂದಲು ಉದುರಿತು, ಮತ್ತೆ ಬಂತು. ಊರಿನವರ ಪಾಲಿಗೆ ಅಲ್ಲಿಗೆ ಕಾಯಿಲೆ ಮುಗಿಯಿತು. ‘ಕೂದ್ಲ್ ಬಂತಲ್ಲೆ, ಇನ್ನೆಂತ ಆಯ್ಕ್ ನಿಂಗೆ?’ ಎಂದು ಕೇಳಿದ ಹೆಂಗಸರೇ ಹೆಚ್ಚು.

ರಸ್ತೆಯಿಂದ ಅಕ್ಕನ ಮನೆಗೆ ಗದ್ದೆಯ ಅಂಚಿನ ಮೇಲೆ ಹತ್ತು ನಿಮಿಷದ ನಡಿಗೆ. ನಡುವೆ ಒಂದು ಸಣ್ಣ ತೋಡು. ನಾವು ಸಣ್ಣವರಿದ್ದಾಗ ಅದಕ್ಕೆ ಎರಡು ಅಡಿಕೆ ಮರದ ಕಾಂಡ ಹಾಸಿದ ಕಾಲುಸಂಕವಿತ್ತು. ಈಗ ಸಿಮೆಂಟಿನ ಹಲಗೆ ಬಂದಿದೆ, ಕೈಹಿಡಿಕೆ ಇನ್ನೂ ಬಂದಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಉದ್ದು, ನೆಲಗಡಲೆ ಎದ್ದಿತ್ತು. ಅಂಗಳದ ತುದಿಯಲ್ಲಿ ಅಕ್ಕ ಕಾದು ನಿಂತಿದ್ದಳು. ಹತ್ತಿರ ಹೋದೆ. ಆಕೆ ನನ್ನ ಮುಖ ನೋಡಲಿಲ್ಲ.

‘ಬಂದ್ಯಾ ತಮ್ಮ? ಅಲ್ಲೇ ನಿಲ್, ನಾನೇ ಬತ್ತೆ. ಕಾಲ್ ಕಂಡ್ಕಂಡ್ ಬರ್ಕ್’ ಎಂದು ನೆಲ ನೋಡುತ್ತಲೇ ಅಂಗಳ ದಾಟಿ ಬಂದಳು. ಇದೇ ಅಂಗಳದಲ್ಲಿ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಓಡಾಡಿದ ಹೆಂಗಸು ಅವಳು.

ಜಗಲಿಯಲ್ಲಿ ಕುಳಿತ ಮೇಲೆ ಕೇಳಿದೆ, ಹೇಗಿದೆ ಎಂದು. ‘ಕಾಲ್ ಇತ್ತ್, ಆರೆ ನಂದಲ್ಲ. ಯಾರ್ದೋ ಮೆಟ್ಟ್ ಹಾಕ್ಕಂಡ್ ನಡ್ದಂಗೆ ಆತ್ತ್’ ಎಂದಳು. ರಾತ್ರಿ ಹೊತ್ತು ಪಾದದಲ್ಲಿ ಇರುವೆ ಹರಿದಂತೆ, ಕೆಲವೊಮ್ಮೆ ಸೂಜಿ ಚುಚ್ಚಿದಂತೆ. ಹಗಲು ಹೊತ್ತು ಬರೀ ಮರಗಟ್ಟಿದಂತೆ. ಬೆರಳ ತುದಿಗಳಲ್ಲೂ ಅದೇ. ಮಾರಣಕಟ್ಟೆಗೆ ಒಯ್ಯಲೆಂದು ತಂದ ಸೇವಂತಿಗೆ ಬುಟ್ಟಿಯಲ್ಲಿತ್ತು. ಹೂವಿನ ತೊಟ್ಟಿಗೆ ಬಾಳೆನಾರು ಸುತ್ತಿ ಗಂಟು ಬಿಗಿಯುವ ಕೆಲಸವನ್ನು ಅಕ್ಕ ಮಾತಾಡುತ್ತಾ, ಕಣ್ಣು ಬೇರೆ ಕಡೆ ಇಟ್ಟುಕೊಂಡು ಮಾಡುತ್ತಿದ್ದಳು. ಈಗ ಕನ್ನಡಕ ಏರಿಸಿ, ಹೂವನ್ನು ಕಣ್ಣೆದುರಿಗೆ ಹಿಡಿದು ಒಂದೊಂದೇ ಗಂಟು ಹಾಕುತ್ತಿದ್ದಳು. ಗಂಟು ಬಿಗಿಯಿತೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಕಣ್ಣು ನೋಡಿ ಹೇಳಬೇಕು.

ಭಾವ ಮುಂಬಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದಾರೆ. ನಮ್ಮ ಕಡೆಯ ಎಷ್ಟೋ ಮನೆಗಳ ಕತೆ ಇದೇ. ಮನೆಯಲ್ಲಿ ಅಕ್ಕ ಮತ್ತು ಮಗಳು, ಇಬ್ಬರೇ. ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಅಮ್ಮನ ಪಾದಕ್ಕೆ ಏನಾಗಿದೆ ಎಂಬುದನ್ನು ನನಗೆ ತಿಳಿಯುವಂತೆ ಹೇಳಿದವಳು ಅವಳೇ. ನೋಟ್‌ಪುಸ್ತಕದ ಹಿಂದಿನ ಪುಟದಲ್ಲಿ ಒಂದು ನರಕೋಶದ ಚಿತ್ರ ಬರೆದಳು. ಕೋಶದ ಒಡಲು ಬೆನ್ನುಹುರಿಯ ಪಕ್ಕದಲ್ಲಿ. ಅದರ ಎಳೆ ಮಾತ್ರ ಸೊಂಟ, ತೊಡೆ, ಮೊಣಕಾಲು ಇಳಿದು ಕಾಲಿನ ಹೆಬ್ಬೆರಳಿನವರೆಗೆ. ಒಂದೇ ಕೋಶ, ಸುಮಾರು ಒಂದು ಮೀಟರ್ ಉದ್ದ. ಆ ಎಳೆಯ ತುದಿಗೆ ಬೇಕಾದ ಸಾಮಾನೆಲ್ಲ ತಯಾರಾಗುವುದು ಒಡಲಿನಲ್ಲಿ. ಅದನ್ನು ಸಾಗಿಸಲು ಎಳೆಯ ಒಳಗೆ ಅತಿ ಸಣ್ಣ ಕೊಳವೆಗಳ ಹಳಿಗಳಿವೆ.

‘ಕೊಲ್ಲೂರು ರಸ್ತೆ ಅಂತ ಎಣಿಸಿಕೊಳ್ಳಿ ಮಾವಯ್ಯ’ ಎಂದಳು. ‘ಕುಂದಾಪುರದಲ್ಲಿ ಸಾಮಾನು ಹೇರುವುದು. ದಾರಿ ಕೆಟ್ಟರೆ ಹೆಮ್ಮಾಡಿಗೆ ಹೇಗೋ ಬರುತ್ತದೆ, ವಂಡ್ಸೆಗೆ ತಡವಾಗುತ್ತದೆ, ಕೊಲ್ಲೂರಿಗೆ ಬರುವುದೇ ಇಲ್ಲ. ಅದಕ್ಕೇ ಎಲ್ಲಕ್ಕಿಂತ ದೂರದ ಕಾಲ್ಬೆರಳಿಗೆ ಮೊದಲು ತೊಂದರೆ, ಆಮೇಲೆ ಕೈಬೆರಳಿಗೆ.’ ವೈದ್ಯರು ಇದನ್ನು ಕೈಗವಸು ಮತ್ತು ಕಾಲುಚೀಲದ ಮಾದರಿ ಎನ್ನುತ್ತಾರೆ. ಮರಗಟ್ಟುವಿಕೆ ಕಾಲುಚೀಲ ಹಾಕಿದಷ್ಟು ಜಾಗದಲ್ಲಿ ಆರಂಭವಾಗಿ ಮೇಲೇರುತ್ತದೆ. ಪೆರಿಫೆರಲ್ ನ್ಯೂರೋಪತಿ ಎಂಬುದು ಅದರ ಹೆಸರು.

ಈ ಹಳಿಗಳನ್ನು ಕೆಡಿಸುವುದು ಕ್ಯಾನ್ಸರಿನ ಔಷಧವೇ. ಯಾವುದೇ ಕೋಶ ಎರಡಾಗಿ ಒಡೆಯಬೇಕಾದರೆ ಇಂಥದೇ ಕೊಳವೆಗಳನ್ನು ಕಟ್ಟಬೇಕು, ಮತ್ತೆ ಬಿಚ್ಚಬೇಕು. ಕ್ಯಾನ್ಸರ್ ಕೋಶ ಮೇಲಿಂದ ಮೇಲೆ ಒಡೆಯುವುದರಿಂದ ಅದಕ್ಕೆ ಈ ಕಟ್ಟುವ ಬಿಚ್ಚುವ ಕೆಲಸ ಹೆಚ್ಚು. ಅಕ್ಕನಿಗೆ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಕಟ್ಟಿದ ಕೊಳವೆಯನ್ನು ಬಿಚ್ಚಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ನಡುದಾರಿಯಲ್ಲಿ ಸಿಕ್ಕಿ ಸಾಯುತ್ತದೆ. ನರಕೋಶ ಒಡೆಯುವುದೇ ಇಲ್ಲ, ಆದರೆ ಅದರ ಹಳಿಗಳೂ ಅದೇ ಸರಕಿನಿಂದ ಆದವು. ಕಳ್ಳನನ್ನು ಹಿಡಿಯಲು ಹಾಕಿದ ತಡೆಗೆ ಊರಿನ ಗಾಡಿಗಳೂ ಸಿಕ್ಕಿಬಿದ್ದವು.

ಈ ಔಷಧದ ಕತೆಯಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಯೂ ಎಂಬ ಮರದ ತೊಗಟೆಯನ್ನು ಪರೀಕ್ಷೆಗೆ ತರಲಾಯಿತು. ಅದರೊಳಗಿನ ಔಷಧಾಂಶವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರಲ್ಲಿ ಮನ್ರೋ ವಾಲ್ ಜೊತೆಗೆ ಮನಸುಖ್ ವಾಣಿ ಒಬ್ಬರು. ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿ ಮುಂಬಯಿಯಲ್ಲಿ ಓದಿದವರು. ಅದು ಕೊಳವೆಗಳನ್ನು ಹಿಡಿದಿಡುವ ರೀತಿಯನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. ರೋಗಿಗಳಿಗೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ!

ಇದೇ ಜಾತಿಯ ಇನ್ನೊಂದು ಔಷಧಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಅಕ್ಕನ ಮನೆಯ ತುಳಸಿಕಟ್ಟೆಯ ಪಕ್ಕದಲ್ಲೇ ನಿತ್ಯಪುಷ್ಪದ ಗಿಡ ಹೂ ಬಿಟ್ಟಿತ್ತು. ಮಡಗಾಸ್ಕರ್ ದ್ವೀಪ ಅದರ ಮೂಲ ಊರು. 1958ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇದರಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಇದೇ ಗಿಡದ ವಿನ್‌ಕ್ರಿಸ್ಟಿನ್ 1963ರಿಂದ ಬಳಕೆಯಲ್ಲಿದೆ. ಮಕ್ಕಳ ರಕ್ತ ಕ್ಯಾನ್ಸರಿನಲ್ಲಿ ಇವತ್ತಿಗೂ ಅದಿಲ್ಲದೆ ನಡೆಯುವುದಿಲ್ಲ. ಅದೂ ನರವನ್ನು ಕಾಡುತ್ತದೆ. ವಿನ್‌ಕ್ರಿಸ್ಟಿನ್ ಪಡೆಯುತ್ತಿರುವ ಮಗು ಪದೇ ಪದೇ ಎಡವಿದರೆ, ನಡೆಯುವಾಗ ಪಾದದ ತುದಿ ನೆಲಕ್ಕೆ ತಾಗಿದರೆ, ಪೆನ್ಸಿಲು ಹಿಡಿಯಲು ಒದ್ದಾಡಿದರೆ, ಅಂಗಿಯ ಗುಂಡಿ ಹಾಕಿಕೊಳ್ಳದೆ ಹಾಗೇ ಬಂದರೆ ತಂದೆತಾಯಿ ಅದನ್ನು ಸೋಮಾರಿತನ ಎಂದು ಗದರಬಾರದು. ಮುಂದಿನ ಸರದಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು, ಶಾಲೆಯ ಮೇಷ್ಟ್ರಿಗೂ ಹೇಳಿಡಬೇಕು.

ಹಾಗೆಂದು ಅಂಗಳದ ಗಿಡ ಕಿತ್ತು ಕಷಾಯ ಮಾಡುವವರಿದ್ದಾರೆ. ಅಕ್ಕನಿಗೂ ಯಾರೋ ಹೇಳಿದ್ದರಂತೆ, ನಿತ್ಯಪುಷ್ಪದ ಎಲೆ ಅರೆದು ಕುಡಿ, ಕ್ಯಾನ್ಸರ್ ಮತ್ತೆ ತಲೆ ಎತ್ತುವುದಿಲ್ಲ ಎಂದು. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತ ಪರೀಕ್ಷೆ ಮಾಡಿ ನರಕ್ಕೆ ಚುಚ್ಚುವ ಔಷಧದ ಮೂಲ ಗಿಡವನ್ನು ಲೋಟದ ಲೆಕ್ಕದಲ್ಲಿ ಕುಡಿದರೆ ಅದು ವಿಷ. ಮಗಳು ಆ ಲೋಟವನ್ನು ತೆಂಗಿನ ಬುಡಕ್ಕೆ ಚೆಲ್ಲಿದಳಂತೆ. ‘ತೆಂಗಿನ್ ಮರಕ್ಕೆ ಎಂತದೂ ಆಯ್ಲಿಲ್ಲೆ’ ಎಂದು ಅಕ್ಕ ನಕ್ಕಳು.

ನಗು ಬಂದರೂ ನನಗೆ ಒಂದು ಮಾತು ಚುಚ್ಚಿತು. ಐದನೆಯ ವಾರದಲ್ಲೇ ಬೆರಳು ಜುಮುಗುಟ್ಟಲು ಶುರುವಾಗಿತ್ತು. ಹನ್ನೆರಡು ವಾರವೂ ಅಕ್ಕ ಅದನ್ನು ಬಾಯಿ ಬಿಡಲಿಲ್ಲ. ಯಾಕೆ ಎಂದರೆ, ‘ಹೇಳ್ರೆ ಮದ್ದ್ ನಿಲ್ಸ್ತ್ರ್ ಅಂದೇಳಿ ಹೆದ್ರಿಕೆ’. ಆಸ್ಪತ್ರೆಯಲ್ಲಿಯೂ ಯಾರೂ ಬಿಡಿಸಿ ಕೇಳಲಿಲ್ಲ. ಊಟ ಸೇರುತ್ತದಾ, ಜ್ವರ ಬಂತಾ, ಅಷ್ಟೇ ಪ್ರಶ್ನೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಅಲ್ಲಿನ ಸಾಲಿನ ಉದ್ದ ನೋಡಿದವರಿಗೆ ಕೋಪವೂ ಪೂರ್ತಿ ಬರುವುದಿಲ್ಲ. ಆದರೆ ಹೇಳಿದ್ದರೆ ಪ್ರಯೋಜನವಿತ್ತು. ನರದ ತೊಂದರೆ ಏರುತ್ತಿದೆ ಎಂದು ಗೊತ್ತಾದರೆ ವೈದ್ಯರು ಪ್ರಮಾಣ ತಗ್ಗಿಸಬಹುದು, ಸರದಿಗಳ ನಡುವೆ ಅಂತರ ಹೆಚ್ಚಿಸಬಹುದು, ಬೇರೆ ಔಷಧಕ್ಕೆ ಬದಲಿಸಬಹುದು. ಅದನ್ನು ತೂಗಿ ನೋಡುವುದು ಅವರ ಕೆಲಸ. ತೂಗಲು ಸುದ್ದಿಯನ್ನು ತಂದು ಕೊಡಬೇಕಾದವರು ನಾವು, ಏಕೆಂದರೆ ಜೋಮು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ರಕ್ತದ ರಿಪೋರ್ಟಿನಲ್ಲೂ ಬರುವುದಿಲ್ಲ.

ಈ ಹಾನಿ ಆಗದಂತೆ ತಡೆಯುವ ಮಾತ್ರೆ ಇನ್ನೂ ಸಿದ್ಧವಾಗಿಲ್ಲ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2014ರಲ್ಲಿ ಮಾಡಿದ, 2020ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲಿ ತಡೆಗೆಂದು ಯಾವ ಔಷಧವನ್ನೂ ಶಿಫಾರಸು ಮಾಡಿಲ್ಲ. ಬಂದ ನೋವಿಗೆ ಡುಲೋಕ್ಸಿಟಿನ್ ಎಂಬ ಒಂದನ್ನು ಹೇಳಿದ್ದಾರೆ. ಅದು ನೋವು ಉರಿಗಳನ್ನು ಸ್ವಲ್ಪ ತಗ್ಗಿಸೀತು, ಮರಗಟ್ಟಿದ್ದನ್ನು ಎಬ್ಬಿಸಲಾರದು. ನರಕ್ಕೆ ಒಳ್ಳೆಯದೆಂದು ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರು ಒಂದು ಮಾತು ನೆನಪಿಡಬೇಕು: ಬಿ6 ವಿಟಮಿನ್ ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಬಿ12 ಕಡಿಮೆಯಿದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸಿ ನೋಡುವುದು ಬೇರೆ ವಿಷಯ, ಅದು ಆಗಲೇಬೇಕು.

ಹಾಗಾದರೆ ವಾಸಿಯಾಗುವುದೇ ಇಲ್ಲವೇ? ಆಗುತ್ತದೆ, ಎಲ್ಲರಿಗೂ ಪೂರ್ತಿ ಅಲ್ಲ. 2014ರಲ್ಲಿ 31 ಅಧ್ಯಯನಗಳ 4179 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ, ಕಿಮೋ ಮುಗಿದ ಮೊದಲ ತಿಂಗಳಲ್ಲಿ ನೂರಕ್ಕೆ 68 ಮಂದಿಗೆ ಈ ತೊಂದರೆ ಇತ್ತು. ಮೂರು ತಿಂಗಳಿಗೆ 60, ಆರು ತಿಂಗಳು ಕಳೆದ ಮೇಲೆ 30. ಅಕ್ಕ ಈ ಮೂವತ್ತರಲ್ಲಿ ಒಬ್ಬಳು. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್‌ನಂಥ ಪ್ಲಾಟಿನಂ ಔಷಧಗಳಲ್ಲಿ ಇನ್ನೊಂದು ವಿಚಿತ್ರವಿದೆ. ಔಷಧ ನಿಲ್ಲಿಸಿದ ಮೇಲೂ ಕೆಲವು ವಾರ, ತಿಂಗಳು ಅದು ಏರುತ್ತಲೇ ಹೋಗಬಹುದು. ಆಕ್ಸಾಲಿಪ್ಲಾಟಿನ್ ಪಡೆದವರು ಬಾವಿಯ ತಣ್ಣೀರು ಮುಟ್ಟಿದರೆ ಬೆರಳಿಗೆ ವಿದ್ಯುತ್ತು ಹೊಡೆದಂತೆ ಆಗುತ್ತದೆ, ತಣ್ಣನೆಯ ನೀರು ಕುಡಿದರೆ ಗಂಟಲು ಹಿಡಿದಂತೆ. ಮೊದಲೇ ತಿಳಿದಿದ್ದರೆ ಇವಕ್ಕೆ ಗಾಬರಿಯಾಗಬೇಕಿಲ್ಲ.

ಒಂದು ದಿನ ಮಗಳು ನೆಲ ಒರೆಸುತ್ತಿದ್ದಾಗ ಬಕೆಟಿನ ನೀರು ಕೆಂಪಾಯಿತಂತೆ. ಮನೆಯ ನೆಲ ಕೆಂಪು ಸಾರಣೆಯದು, ಅದರ ಮೇಲೆ ರಕ್ತ ಕಾಣುವುದಿಲ್ಲ. ಅಕ್ಕನ ಅಂಗಾಲಿನಲ್ಲಿ ಬಲ್ಬಿನ ಗಾಜಿನ ಚೂರು ಇಳಿದಿತ್ತು. ಆಕೆ ಬೆಳಗಿನಿಂದ ಅದರ ಮೇಲೆಯೇ ಓಡಾಡಿದ್ದಳು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಂದಿನಿಂದ ಆ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕಾಲು ನೋಡುವ ಕ್ರಮ ಬಂದಿದೆ. ಅಕ್ಕ ಚಿಟ್ಟೆಯ ಮೇಲೆ ಕುಳಿತು ಕಾಲು ನೀಡುತ್ತಾಳೆ, ಮಗಳು ಅಂಗಾಲು, ಬೆರಳಿನ ಸಂದು ಎಲ್ಲ ನೋಡುತ್ತಾಳೆ. ನಾನಿದ್ದ ದಿನವೂ ನೋಡಿದಳು. ಮಾತಿಲ್ಲದೆ ಎರಡು ನಿಮಿಷದ ಕೆಲಸ.

ಮನೆಯಲ್ಲಿ ಇನ್ನೂ ಎಷ್ಟೋ ಬದಲಾಗಿತ್ತು. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿದಿದ್ದರು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋದರೂ ಗೊತ್ತಾಗದೆ ಅಕ್ಕ ಬರಿಗಾಲಲ್ಲಿ ಗದ್ದೆ ದಾಟಿದ್ದುಂಟು. ಈಗ ಹಿಂಬದಿ ಪಟ್ಟಿಯಿರುವ ಚಪ್ಪಲಿ. ಹಾಕಿಕೊಳ್ಳುವ ಮುಂಚೆ ಅದನ್ನು ಕೊಡವಬೇಕು, ಒಳಗೆ ಕಲ್ಲೋ ಚೇಳೋ ಇದ್ದರೆ ಕಾಲು ಹೇಳುವುದಿಲ್ಲ. ಬಚ್ಚಲಿನ ಹಂಡೆಯ ನೀರಿನ ಬಿಸಿ ನೋಡುವುದು ಮೊಣಕೈಯಿಂದ. ಮೊಣಕೈಗೆ ಇನ್ನೂ ಬುದ್ಧಿ ಇದೆ. ಮೊದಮೊದಲು ಬೆರಳಿನಿಂದ ನೋಡಿ ಮೈ ಸುಟ್ಟುಕೊಂಡಿದ್ದಳು. ಕಾಲಿಗೆ ಹಿತವೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಬೊಬ್ಬೆ ಎಬ್ಬಿಸಿಕೊಂಡದ್ದೂ ಆಗಿತ್ತು. ಮೆಟ್ಟುಕತ್ತಿ ಅಟ್ಟ ಸೇರಿದೆ, ಕಾಯಿ ಹೆರೆಯುವುದು ಮಗಳ ಪಾಲಿಗೆ ಬಂದಿದೆ. ಮಳೆಗಾಲದಲ್ಲಿ ಕೆಸರಿಗೆಂದು ಅಂಗಳದಲ್ಲಿ ತೆಂಗಿನ ಮಡಲು ಹಾಸುವ ರೂಢಿಯನ್ನೂ ಬಿಟ್ಟಿದ್ದಾರೆ. ಮಡಲಿನ ಮೇಲೆ ಕಾಲು ಹೊರಳುವುದು ನಮಗೆ ನಿಮಗೆ ತಕ್ಷಣ ತಿಳಿಯುತ್ತದೆ, ಅಕ್ಕನಿಗೆ ಬಿದ್ದ ಮೇಲೆ ತಿಳಿಯುತ್ತದೆ.

ಬೀಳುವುದರ ಹಿಂದೆಯೂ ಒಂದು ವಿಜ್ಞಾನವಿದೆ. ವಿದ್ಯಾರ್ಥಿಗಳು ಬೇಕಾದರೆ ಗೋಡೆಯ ಪಕ್ಕದಲ್ಲಿ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಲಿ. ನಾವು ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ವರದಿ ಬರುತ್ತದೆ: ಕಣ್ಣು, ಒಳಗಿವಿ, ಕಾಲು. ಕಾಲಿನ ವರದಿ ನಿಂತರೆ ಕಣ್ಣಿನ ಮೇಲೆ ಭಾರ ಬೀಳುತ್ತದೆ. ಅಕ್ಕ ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ವಾಲುತ್ತಿದ್ದಳು. ಕುಳಿತೇ ಮುಖ ತೊಳೆಯಬೇಕೆಂಬುದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಕೆಲವು ವ್ಯಾಯಾಮ ಹೇಳಿದರು: ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಒಂದರ ಮುಂದೊಂದು ಪಾದ ಇಟ್ಟು ಜಗಲಿಯುದ್ದ ನಡೆಯುವುದು. ಈ ಬಗೆಯ ವ್ಯಾಯಾಮದಿಂದ ಸಮತೋಲ ಸುಧಾರಿಸುತ್ತದೆ ಎಂದು ಅಧ್ಯಯನಗಳೂ ಹೇಳುತ್ತವೆ. ಅಕ್ಕ ದಿನಾ ಬೆಳಿಗ್ಗೆ ಅದನ್ನು ಮಾಡುತ್ತಾಳೆ, ದೇವರಿಗೆ ದೀಪ ಹಚ್ಚಿದಷ್ಟೇ ತಪ್ಪದೆ.

ಮರುದಿನ ಬೆಳಿಗ್ಗೆ ಬೇಗನೆ ಮಾರಣಕಟ್ಟೆಗೆ ಹೊರಟೆವು. ಬೇಗನೆ ಏಕೆಂದರೆ ಬಿಸಿಲೇರಿದ ಮೇಲೆ ದೇವಸ್ಥಾನದ ಅಂಗಳದ ಕಲ್ಲು ಕಾಯುತ್ತದೆ, ಒಳಗೆ ಚಪ್ಪಲಿ ಇಲ್ಲ. ಹೋದ ವರ್ಷ ಮಧ್ಯಾಹ್ನ ಸಾಲಿನಲ್ಲಿ ನಿಂತು ಅಂಗಾಲು ಬೊಬ್ಬೆ ಎದ್ದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತಂತೆ. ‘ಕೆಂಡ ಹಾಯುಕೆ ನನ್ನೇ ಕಳ್ಸಿ, ಹರಕೆ ಎಲ್ಲ ತೀರ್ಸ್ಕಂಡ್ ಬತ್ತೆ’ ಎಂದು ಈಗ ತಮಾಷೆ ಮಾಡುತ್ತಾಳೆ. ಜಾತ್ರೆಯ ಅಂಗಡಿಗಳು ಆಗಷ್ಟೇ ತೆರೆಯುತ್ತಿದ್ದವು. ಎಲ್ಲೆಲ್ಲೂ ಸೇವಂತಿಗೆ, ಅದರ ವಾಸನೆ. ಮಾರಣಕಟ್ಟೆ ಮೇಳದ ಯಕ್ಷಗಾನವನ್ನು ರಾತ್ರಿಯಿಡೀ ಕುಳಿತು ನೋಡುತ್ತಿದ್ದವಳು ಅಕ್ಕ. ಈಗ ಆಟ ಬಿಟ್ಟ ಮೇಲೆ ಕತ್ತಲೆಯಲ್ಲಿ ಅಂಚಿನ ಮೇಲೆ ಮರಳುವುದು ಆಗದೆಂದು ಬಿಟ್ಟಿದ್ದಾಳೆ. ಎರಡು ವರ್ಷದಲ್ಲಿ ಕಳೆದುಕೊಂಡದ್ದನ್ನೆಲ್ಲ ಸಹಿಸಿದ್ದೇನೆ, ಆಟ ಮಾತ್ರ ಹೊಟ್ಟೆ ಉರಿಸುತ್ತದೆ ಎಂದಳು.

ಬರುವ ದಾರಿಯಲ್ಲಿ ತಾಯಿ ಮಗಳ ನಡುವೆ ಇದ್ದ ಜಗಳ ಹೊರಗೆ ಬಿತ್ತು. ಮಾರ್ಚಿನಲ್ಲಿ ಪರೀಕ್ಷೆ. ಮಗಳಿಗೆ ಇಷ್ಟವಿರುವ ಕೋರ್ಸಿಗೆ ಮಂಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿರಬೇಕು. ಅವಳು ಹೋಗುವುದಿಲ್ಲ ಎನ್ನುತ್ತಾಳೆ. ಕುಂದಾಪುರದ ಭಂಡಾರ್ಕರ್ಸ್ ಕಾಲೇಜಿಗೆ ಸೇರಿ ದಿನಾ ಸಂಜೆ ಮನೆಗೆ ಬರುತ್ತೇನೆ ಎನ್ನುತ್ತಾಳೆ. ‘ಅಮ್ಮನ ಕಾಲು ಯಾರು ನೋಡುವುದು?’ ಎಂದು ನನ್ನನ್ನೇ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಭಂಡಾರ್ಕರ್ಸ್ ಒಳ್ಳೆಯ ಕಾಲೇಜು, 1963ರಿಂದ ಈ ಸೀಮೆಯ ಎಷ್ಟೋ ಮಕ್ಕಳು ಓದಿ ಮುಂದೆ ಬಂದದ್ದು ಅಲ್ಲಿ. ಆದರೆ ಮಗಳು ಅದನ್ನು ಆರಿಸಿದ್ದು ಓದಿಗಾಗಿ ಅಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಅಕ್ಕ ಏನೂ ಹೇಳದೆ ಜಾತ್ರೆಯ ಅಂಗಡಿಯಲ್ಲಿ ಕೊಂಡ ಪೊಟ್ಟಣವನ್ನು ಬಗಲಲ್ಲಿ ಒತ್ತಿ ಹಿಡಿದಿದ್ದಳು.

ಸಂಜೆ ಅದು ಬಿಚ್ಚಿಕೊಂಡಿತು. ಮರದ ಚೌಕಟ್ಟಿನ ಒಂದು ಕನ್ನಡಿ. ಅಕ್ಕ ಅದನ್ನು ಚಿಟ್ಟೆಯ ಎದುರಿನ ಗೋಡೆಗೆ, ನೆಲದಿಂದ ಒಂದು ಗೇಣು ಮೇಲೆ, ತಾನೇ ಒರಗಿಸಿ ಇಟ್ಟಳು. ದೀಪ ಹತ್ತಿರ ಎಳೆದುಕೊಂಡು ಕುಳಿತು, ಪಾದವನ್ನು ಅದರ ಮುಂದೆ ಹಿಡಿದು ಅಂಗಾಲನ್ನು ನೋಡಿಕೊಂಡಳು. ಬಲಗಾಲು ಆಯಿತು, ಎಡಗಾಲು ಆಯಿತು. ಬೆರಳಿನ ಸಂದಿಗೆ ಕನ್ನಡಕ ಬೇಕಾಯಿತು. ಮಗಳು ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಒಳಗೆ ಹೋಗಿ ಪುಸ್ತಕ ತೆಗೆದಳು.

ನಾನು ಹೊರಟ ದಿನ ಅಕ್ಕ ರಸ್ತೆಯವರೆಗೆ ಬರುತ್ತೇನೆಂದಳು. ಒಂದು ಕೈಯಲ್ಲಿ ಕೋಲು. ತೋಡಿನ ಹತ್ತಿರ ಬಂದಾಗ ಮಗಳು ಅಭ್ಯಾಸಬಲದಿಂದ ಕೈ ಚಾಚಿದಳು. ‘ನೀ ಹಿಡೀಬ್ಯಾಡ, ನಾನೊಬ್ಳೇ ಹೋತೆ. ಹಿಂದೆ ಬಾ ಸಾಕ್’ ಎಂದು ಅಕ್ಕ ಮೊದಲು ಕೋಲನ್ನೂ ಆಮೇಲೆ ಪಾದವನ್ನೂ ಸಿಮೆಂಟಿನ ಹಲಗೆಯ ಮೇಲೆ ಇಟ್ಟಳು. ಕೆಳಗೆ ತೋಡಿನಲ್ಲಿ ಮೊಣಕಾಲಷ್ಟು ನೀರು. ಕಣ್ಣು ಕಾಲಿನ ಮೇಲೆ. ಎಡ, ಬಲ, ಎಡ. ಮಗಳು ಎರಡೂ ಕೈ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ದೂರದಲ್ಲಿ ಬರುತ್ತಿದ್ದಳು. ಆಚೆ ದಡ ತಲುಪಿದ ಮೇಲೆ ಅಕ್ಕ ತಲೆ ಎತ್ತಿ, ಕೊಲ್ಲೂರು ಕಡೆಯಿಂದ ಬಸ್ಸು ಬರುತ್ತಿದೆ, ಓಡು ಎಂದು ನನಗೆ ಹೇಳಿದಳು.